ಎಂಟನೆಯ ಚಾಪೆ

ಠಾಕೂರ್‌ದ್ವಾರದ ಖೋಲಿಯಲ್ಲಿ ನಾವು ಏಳು ಮಂದಿ.
ಬಾಡಿಗೆ ಮಾತ್ರ ಎಂಟು ಪಾಲು.
ಎಂಟನೆಯ ಚಾಪೆ ಸುರುಳಿ ಸುತ್ತಿಕೊಂಡು
ಗೋಡೆಗೊರಗಿ ನಿಂತಿತ್ತು, ತಿಂಗಳುಗಟ್ಟಲೆ.
ಊರಿನ ಬಸ್ಸಿಳಿದ ಯಾವ ಹುಡುಗನ ಕಂಡರೂ
ದೂಮಣ್ಣ ತೋಳು ಹಿಡಿದೆಳೆಯುತ್ತಿದ್ದ:
"ಬಾ ಮಾರಾಯ, ಜಾಗ ಉಂಟು."

ಫೋರ್ಟಿನ ರಾತ್ರಿಶಾಲೆ, ಮೂರನೆಯ ಮಾಳಿಗೆ.
ತಿಂಗಳಾಯ ಮಾಸ್ತರರು ಹಲಗೆಯ ಮೇಲೆ
ಇದನ್ನೇ ಬರೆದರು: ಹೊರಸುತ್ತಿನಲ್ಲಿ
ಏಳು ಚುಕ್ಕೆ, ಒಂದು ಖಾಲಿ.
"ಹ್ಯಾಲೊಜನ್ ಅಂದರೆ ನಿಮ್ಮದೇ ಖೋಲಿ, ಮಕ್ಕಳೇ."
ಕಪ್ಪು ತೊಳೆದು ಬೆರಳು ಬೆಂಡಾದ ನಾವು
ಹಿಂದಿನ ಬೆಂಚಿನಲ್ಲಿ ನಿದ್ದೆ ತಿಳಿದು ನಕ್ಕೆವು.

ಹಗಲೆಲ್ಲ ಅವರು ಭಾಂಡುಪಿನ ನೀರಿನ ಲ್ಯಾಬಿನಲ್ಲಿ.
ಅಂಗಿಗೆ ಕ್ಲೋರಿನ್ ವಾಸನೆ, ಒಗೆದರೂ ಹೋಗದ್ದು.
"ಇದನ್ನೇ ಒಂದು ಯುದ್ಧದಲ್ಲಿ ಕಂದಕಗಳಿಗೆ ಬಿಟ್ಟರು.
ನಿಮ್ಮಷ್ಟೇ ವಯಸ್ಸಿನವರು, ಹಳದಿ ಹಸಿರು ಹೊಗೆ ಕುಡಿದು ಸತ್ತರು.
ಇದನ್ನೇ ನಾನು ಅಳೆದು ಅಳೆದು
ನಿಮ್ಮ ನಲ್ಲಿಗೆ ಕಳಿಸುತ್ತೇನೆ, ಕಾಲರಾ ಬಾರದ ಹಾಗೆ.
ಅಳತೆ ತಪ್ಪಬಾರದು, ಅಷ್ಟೆ."
ಅಷ್ಟೆ ಎನ್ನುವಾಗ ಸೀಮೆಸುಣ್ಣ ಮುರಿಯಿತು.

ಫ್ಲೋರಿನ್ನನ್ನು ತೋರಿಸಲಿಲ್ಲ. ಗಾಜನ್ನೂ ತಿನ್ನುತ್ತದಂತೆ,
ಯಾವ ಸೀಸೆಯಲ್ಲಿ ತರುವುದು?
"ಪೇಸ್ಟಿನೊಳಗೆ ಸಾಧುವಾಗಿ ಕೂತಿರುತ್ತದೆ ನೋಡಿ,
ಮದುವೆಯಾದ ಪುಂಡನ ಹಾಗೆ."
ನಾವು ಮಸಿಯಲ್ಲಿ ಹಲ್ಲುಜ್ಜುವವರು. ಆದರೂ ನಕ್ಕೆವು.

ಅಯೋಡಿನ್ ಮಾತ್ರ ಜೇಬಿನಲ್ಲೇ ತಂದರು.
ಕಾಗೆರೆಕ್ಕೆಯ ಹೊಳಪಿನ ಹರಳು, ಸ್ಪಿರಿಟ್ ದೀಪದ ಮೇಲೆ
ಕರಗಲೇ ಇಲ್ಲ, ಕೂತಲ್ಲಿಂದ ಎದ್ದೇ ಹೋಯಿತು:
ನೇರಳೆ ಹೊಗೆ!
ಐತ ಮೂಗೊಡ್ಡಿ ಬೈಸಿಕೊಂಡ.
ಆಮೇಲೆ ಒಂದು ಹೋಳು ಬಟಾಟೆ, ಒಂದು ಹನಿ ಟಿಂಕ್ಚರು.
ಬಟಾಟೆ ಶಾಯಿ ಕುಡಿದಂತೆ ಕಪ್ಪುನೀಲಿ.
"ಹಿಟ್ಟು ಎಲ್ಲಿ ಅಡಗಿದ್ದರೂ ಇದು ಹಿಡಿದುಕೊಡುತ್ತದೆ."

ಆ ಮಾತು ನನ್ನನ್ನು ಕೆಡಿಸಿತು.

ಮರುದಿನ ಬೆರಳು ಕುಯ್ದುಕೊಂಡ ನೆಪ,
ಗಲ್ಲೆಯ ಕೆಳಗಿನ ಟಿಂಕ್ಚರು ಸೀಸೆ,
ನಮ್ಮ ಹೋಟೆಲಿನ ಹೆಸರಾಂತ ಬಾಸುಂದಿ.
ಕಾಲ್ಬಾದೇವಿಯ ಬಟ್ಟೆ ವ್ಯಾಪಾರಿಗಳು
ಕಣ್ಣು ಮುಚ್ಚಿ ಸವಿಯುತ್ತಿದ್ದದ್ದು.
ತಣ್ಣಗಿನ ಬಟ್ಟಲಿಗೆ ಒಂದೇ ಹನಿ.
ನೀಲಿ.
ಹೆಬ್ಬೆಟ್ಟು ಒತ್ತಿಸುವ ಶಾಯಿಯಷ್ಟು ನೀಲಿ.

ಬಲ್ಲಾಳ ಧಣಿಗಳು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು.
ಕೆನ್ನೆಗೊಂದು ಬಿತ್ತು. ಉಂಗುರ ತುಟಿ ಸೀಳಿತು.
ಬಾಕಿ ಹದಿನೆಂಟು ರೂಪಾಯಿ ಎಣಿಸಿಟ್ಟರು.
ಮತ್ತೆ (ಇದನ್ನು ನಾನು ಯಾರಿಗೂ ಹೇಳಿಲ್ಲ)
ಅದೇ ಸೀಸೆಗೆ ಹತ್ತಿಯದ್ದಿ
ತಾವೇ ನನ್ನ ತುಟಿಗೊತ್ತಿದರು.
ಉರಿಯಿತು. ಅವರ ಕೈ ನಡುಗುತ್ತಿತ್ತು.

"ಪರೀಕ್ಷೆ ಸರಿ, ಜಾಗ ತಪ್ಪು," ಎಂದರು ಮಾಸ್ತರರು.
ತಿಂಗಳೊಳಗೆ ನಾನು ಭಾಂಡುಪಿನಲ್ಲಿ ಸೀಸೆ ತೊಳೆಯುವವ.
ಕಪ್ಪಿನಿಂದ ಸೀಸೆಗೆ ಬಡ್ತಿ.

ಆಮೇಲಿನ ವರ್ಷಗಳು ನಲ್ಲಿಯಿಂದ ನಲ್ಲಿಗೆ.
ಕುರ್ಲಾ, ಲಾಲ್‌ಬಾಗ್, ಗೋವಂಡಿ.
ಕೊಳವೆ ತುಂಬಿಸಿ ಮದ್ದು ಬಿಟ್ಟು ಕಾಯುವುದು.
ನೀರು ನಿಂಬೆಹಳದಿಗೆ ತಿರುಗಿದರೆ
ಕ್ಲೋರಿನ್ ಇನ್ನೂ ಬದುಕಿದೆ, ಮಗು ಕುಡಿಯಬಹುದು.
ತಿರುಗದಿದ್ದರೆ ಎಲ್ಲೋ ಗಟಾರ ಸೇರಿದೆ.
ಗೋವಂಡಿಯ ಒಂದು ಗಲ್ಲಿಯಲ್ಲಿ ಹನ್ನೊಂದು ನಲ್ಲಿ,
ಹನ್ನೊಂದಕ್ಕೂ ಬಣ್ಣ ಬರಲಿಲ್ಲ.
ಹಂಡೆ ಹಿಡಿದ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು.
ಆ ದಿನ ಯಾರೂ ನನಗೆ ಹೊಡೆಯಲಿಲ್ಲ.
ಹೊಡೆಯಬಹುದಿತ್ತು.

ಈಗ ನನ್ನ ಅಂಗಿಗೂ ಅದೇ ವಾಸನೆ,
ನಿವೃತ್ತನಾಗಿ ಆರು ವರ್ಷವಾದರೂ, ಎನ್ನುತ್ತಾಳೆ ಯಮುನಾ.

ಪೆಟ್ಟಿಗೆಯಲ್ಲಿ ಖೋಲಿಯವರ ಒಂದೇ ಒಂದು ಫೋಟೋ.
ಗಿರ್‌ಗಾಂವಿನ ಸ್ಟುಡಿಯೋ, ಬ್ರೋಮೈಡ್ ಕಾಗದ.
ಬೆಳಕು ತಾಗಿದಲ್ಲಿ ಬೆಳ್ಳಿ ಬ್ರೋಮಿನ್ನಿನ ಕೈ ಬಿಡುತ್ತದಂತೆ,
ಹಾಗೆ ಬಿಟ್ಟು ಉಳಿದ ಕಪ್ಪಿನಿಂದ
ನಾವೆಲ್ಲ ಮೂಡಿದ್ದೇವೆ: ಐತನ ಮೀಸೆ,
ಎರವಲು ಕೋಟಿನಲ್ಲಿ ನಾನು.
ಬಲತುದಿಯಲ್ಲಿ ದೂಮಣ್ಣ ಮಾತ್ರ ಮಸುಕು.
ಅಲ್ಲಾಡಿಬಿಟ್ಟಿದ್ದಾನೆ,
ಬಾಗಿಲಾಚೆ ಹೋಗುತ್ತಿದ್ದ ಯಾರನ್ನೋ ಕರೆಯಲು.
ಯಾರನ್ನೆಂದು ನೆನಪಿಲ್ಲ.